ವೇಸ್ಟ್‌ಗೇಟ್ ಪೈಪು ಯಾವ ಮೂತಿಗೆ?

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊವನ್ನು ರಿಪೇರಿ ಮಾಡಿಸಿಕೊಂಡು ಬಂದು ಎಂಜಿನ್ನಿಗೆ ಕೂರಿಸುತ್ತೀರಿ. ನಟ್ಟು ಬಿಗಿದಾಯಿತು, ಆಯಿಲ್ ಲೈನ್ ಆಯಿತು, ದೊಡ್ಡ ಹೋಸುಗಳೂ ಆದವು. ಕೊನೆಗೆ ಕಿರುಬೆರಳಿಗಿಂತ ಸಣ್ಣದೊಂದು ಪೈಪು ನೇತಾಡುತ್ತಾ ಉಳಿಯುತ್ತದೆ. ಒಂದು ತುದಿ ವೇಸ್ಟ್‌ಗೇಟ್ ಡಬ್ಬಿಯಲ್ಲಿದೆ. ಇನ್ನೊಂದು ತುದಿ ಎಲ್ಲಿಗೆ? ಟರ್ಬೊದ ಮೈಮೇಲೆ ಒಂದು ಮೂತಿ ಇದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೆ ಪೈಪಿನಲ್ಲಿ ಒಂದಿದೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಮೇಲೂ ಒಂದಿದೆ. ಮೂರಕ್ಕೂ ಪೈಪು ಚೆನ್ನಾಗಿ ಕೂರುತ್ತದೆ. ತೊಂದರೆ ಇರುವುದೇ ಅಲ್ಲಿ.

ದಾವಣಗೆರೆಯ ಪಿ.ಬಿ. ರೋಡಿನಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ "ಎಲ್ಲಿ ಹಾಕಿದ್ರೂ ಬರೋದು ಅದೇ ಗಾಳಿ ಅಲ್ವಾ" ಅನ್ನುವವರೇ ಜಾಸ್ತಿ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಗಾಳಿ ಅದೇ, ನಿಜ. ಒತ್ತಡ ಮಾತ್ರ ಮೂರು ಕಡೆಯೂ ಬೇರೆ ಬೇರೆ.

ವೇಸ್ಟ್‌ಗೇಟ್ ಅಂದರೆ ಕೆರೆಯ ಕೋಡಿ ಇದ್ದ ಹಾಗೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೋಡಲು ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. 1933ರ ನಂತರ ಅದೇ ಮೊದಲು. ಮಟ್ಟ ಮೀರಿದ ನೀರು ಪಕ್ಕದಿಂದ ಹರಿದು ಹೋಗುತ್ತದೆ, ಕಟ್ಟೆ ಉಳಿಯುತ್ತದೆ. ಟರ್ಬೊದಲ್ಲೂ ಅಷ್ಟೇ. ಎಂಜಿನ್ನಿಂದ ಬರುವ ಹೊಗೆಯಲ್ಲಿ ಬೇಕಾದಷ್ಟು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರ ಎಂಜಿನ್ನಿಗೆ ಗಾಳಿ ಒತ್ತುತ್ತದೆ. ಜಾಸ್ತಿಯಾದದ್ದು ಪಕ್ಕದ ಬಾಗಿಲಿನಿಂದ ನೇರ ಸೈಲೆನ್ಸರ್ ಕಡೆ ಹೋಗುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಕೋಡಿ ತನ್ನ ಕೆರೆಯ ನೀರನ್ನೇ ನೋಡಿ ಹರಿಯುತ್ತದೆ. ವೇಸ್ಟ್‌ಗೇಟ್ ಬಾಗಿಲು ತೆರೆಯುವುದು ಹೊಗೆಯ ಕಡೆ, ಯಾವಾಗ ತೆರೆಯಬೇಕು ಎಂದು ಕೇಳಿಕೊಳ್ಳುವುದು ಗಾಳಿಯ ಕಡೆಯಿಂದ. ಆ ಸಣ್ಣ ಪೈಪೇ ಅದರ ಕಿವಿ.

ಡಬ್ಬಿಯೊಳಗೆ ಒಂದು ರಬ್ಬರ್ ಡಯಾಫ್ರಾಮ್, ಅದರ ಹಿಂದೆ ಒಂದು ಸ್ಪ್ರಿಂಗು. ಪೈಪಿನಲ್ಲಿ ಬಂದ ಒತ್ತಡ ಸ್ಪ್ರಿಂಗನ್ನು ಮೀರಿದರೆ ರಾಡು ಸರಿಯುತ್ತದೆ, ಫ್ಲಾಪ್ ತೆರೆಯುತ್ತದೆ. ಸ್ಪ್ರಿಂಗು 0.7 ಬಾರ್‌ನದು ಅಂದುಕೊಳ್ಳಿ. ಸುಮಾರು 10 ಪಿಎಸ್‌ಐ ಆಯಿತು, ಕಾರಿನ ಟೈರಿಗೆ ಹಾಕಿಸುವ ಗಾಳಿಯ ಮೂರನೇ ಒಂದು ಪಾಲು. ಆದರೆ ಎಲ್ಲಿನ 0.7? ಪೈಪಿನ ಬಾಯಿ ಎಲ್ಲಿದೆಯೋ ಅಲ್ಲಿನದು. ಎಂಜಿನ್ನಿಗೆ ಎಷ್ಟು ಸಿಕ್ಕಿತು ಅನ್ನುವುದು ಡಯಾಫ್ರಾಮಿಗೆ ಗೊತ್ತೇ ಇಲ್ಲ.

ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟರ್ ಪಕ್ಕದಲ್ಲಿ ಇರುವ ಒತ್ತಡ ತೋಟದ ಕೊನೆಯ ಜೆಟ್‌ಗೆ ಸಿಗುವುದಿಲ್ಲ. ನಡುವಿನ ಪೈಪು, ಬೆಂಡು, ಫಿಲ್ಟರ್ ಎಲ್ಲವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಟರ್ಬೊದಿಂದ ಎಂಜಿನ್ ತನಕವೂ ಇದೇ ಕಥೆ. ಒಳ್ಳೆಯ ಇಂಟರ್‌ಕೂಲರ್ ಆದರೆ ಫುಲ್ ಲೋಡಿನಲ್ಲಿ ಸುಮಾರು 0.1 ಬಾರ್ ತಿನ್ನುತ್ತದೆ. ಸಣ್ಣದು, ಹಳೆಯದು, ಒಳಗೆ ಆಯಿಲ್ ಜಿಡ್ಡು ಕಟ್ಟಿದ್ದು ಆದರೆ 0.2 ಅಥವಾ ಇನ್ನೂ ಜಾಸ್ತಿ. ಗಾಡಿ ಸುಮ್ನೆ ಸ್ಟಾರ್ಟಿಂಗಿನಲ್ಲಿ ನಿಂತಿರುವಾಗ ಈ ವ್ಯತ್ಯಾಸ ಹೆಚ್ಚು ಕಡಿಮೆ ಸೊನ್ನೆ. ಹಾಗಾಗಿ ಗ್ಯಾರೇಜಿನಲ್ಲಿ ನಿಲ್ಲಿಸಿ ಎಷ್ಟು ರೇಸ್ ಕೊಟ್ಟರೂ ಕಾಣಿಸುವುದಿಲ್ಲ.

ಟರ್ಬೊ ಮೈಮೇಲಿನ ಮೂತಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇದಕ್ಕೆ. ನಮ್ಮ ಕಡೆ ಓಡುವ ಡೀಸೆಲ್ ಗಾಡಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಕಂಪನಿಯಿಂದ ಬರುವಾಗಲೂ ಹಲವು ಟರ್ಬೊಗಳಲ್ಲಿ ಈ ಪೈಪು ಗೇಣುದ್ದಕ್ಕಿಂತ ಕಡಿಮೆ. ಕಂಪ್ರೆಸರ್ ಹೌಸಿಂಗಿನಿಂದ ಹೊರಟು ನೇರ ಡಬ್ಬಿಗೆ ಹೋಗುತ್ತದೆ. ಉದ್ದ ಕಡಿಮೆ ಇದ್ದಷ್ಟೂ ಸುದ್ದಿ ಬೇಗ ಮುಟ್ಟುತ್ತದೆ, ತೂತು ಬೀಳುವ ಜಾಗವೂ ಕಡಿಮೆ.

ದೊಡ್ಡ ಕಾರಣ ಇನ್ನೊಂದಿದೆ. ಇಲ್ಲಿ ಹಾಕಿದಾಗ ಸ್ಪ್ರಿಂಗು ಕಾಯುವುದು ಟರ್ಬೊವನ್ನು. ಮ್ಯಾನಿಫೋಲ್ಡಿಗೆ ಹಾಕಿದರೆ ಎಂಜಿನ್ನಿಗೆ ಸಿಗುವ ಗಾಳಿಯನ್ನು. ಎಲ್ಲ ಸರಿ ಇದ್ದಾಗ ಎರಡೂ ಒಂದೇ ಅನ್ನಿಸುತ್ತದೆ. ಏನಾದರೂ ಕೆಟ್ಟಾಗ ಬಣ್ಣ ಬಯಲಾಗುತ್ತದೆ.

ಇಂಟರ್‌ಕೂಲರ್ ಹೋಸು ಕ್ಲಿಪ್ಪಿನ ಹತ್ತಿರ ಒಂದಿಷ್ಟು ಸೀಳಿದೆ ಅಂದುಕೊಳ್ಳಿ. ನಮ್ಮ ಬಿಸಿಲಿಗೆ, ಧೂಳಿಗೆ ಇದು ಮಾಮೂಲಿ. ಪೈಪು ಟರ್ಬೊ ಮೈಗೆ ಇದ್ದರೆ ಅಲ್ಲಿ 0.7 ಆಗುತ್ತಲೇ ಬಾಗಿಲು ತೆರೆಯುತ್ತದೆ. ಸೀಳಿನಲ್ಲಿ ಹೋದದ್ದು ಹೋಗಿ, ಎಂಜಿನ್ನಿಗೆ 0.5 ಸಿಗುತ್ತದೆ. ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬಿಡುತ್ತದೆ. ಡ್ರೈವರ್ ಬೈದುಕೊಂಡು ಗ್ಯಾರೇಜಿಗೆ ತರುತ್ತಾನೆ. ಒಳ್ಳೆಯದೇ ಆಯಿತು.

ಅದೇ ಪೈಪು ಮ್ಯಾನಿಫೋಲ್ಡಿಗೆ ಇದ್ದರೆ? ಅಲ್ಲಿ 0.7 ಆಗುವ ತನಕ ಬಾಗಿಲು ತೆರೆಯುವುದಿಲ್ಲ. ಸೀಳಿನಲ್ಲಿ ಸೋರಿದ್ದನ್ನೂ ತುಂಬಿಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ. ಕಾರಿನ ಸಣ್ಣ ಟರ್ಬೊ ಮೊದಲೇ ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ಇರುತ್ತದೆ. ಅದರ ಮೇಲೆ ಇನ್ನಷ್ಟು. ಡ್ರೈವರ್‌ಗೆ ಒಂದು ಸಣ್ಣ ಸೀಟಿ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಗಾಡಿ ಚೆನ್ನಾಗೇ ಎಳೆಯುತ್ತದೆ. ಒಂದು ದಿನ ಶಾಫ್ಟು ಹೋಗುತ್ತದೆ. ಎಲ್ಲರೂ ಟರ್ಬೊ ರಿಪೇರಿ ಮಾಡಿದವನನ್ನು ಬೈಯುತ್ತಾರೆ.

ಚಿತ್ರದುರ್ಗದ ಕಡೆ ಬೋರ್‌ವೆಲ್ ಲಾರಿ ಇಟ್ಟವರು ಇದನ್ನು ಗಮನಿಸಬೇಕು. ರಿಗ್‌ನ ಕಂಪ್ರೆಸರ್ ಓಡಿಸುವ ಎಂಜಿನ್ ಗಂಟೆಗಟ್ಟಲೆ ಒಂದೇ ಲೋಡಿನಲ್ಲಿ ನಿಂತಿರುತ್ತದೆ, ಸುತ್ತ ಕಲ್ಲಿನ ಧೂಳು. ಅಲ್ಲಿ ಟರ್ಬೊ ಮೈ ಬಿಟ್ಟು ಬೇರೆ ಯೋಚನೆಯೇ ಬೇಡ. ಆದರೆ ಏರ್ ಫಿಲ್ಟರ್ ಕಟ್ಟಿಕೊಂಡರೆ ಯಾವ ಮೂತಿಗೆ ಹಾಕಿದರೂ ಟರ್ಬೊ ಉಳಿಯುವುದಿಲ್ಲ. ಒಳಗೆ ಬರುವ ಗಾಳಿಯೇ ತೆಳುವಾದರೆ, ಅದೇ 0.7 ಮಾಡಲು ಚಕ್ರ ಜಾಸ್ತಿ ತಿರುಗಲೇಬೇಕು. ವೇಸ್ಟ್‌ಗೇಟ್ ನೋಡುವುದು ಒತ್ತಡವನ್ನು, ಸುತ್ತನ್ನು ಅದು ಎಣಿಸುವುದಿಲ್ಲ.

ಈ ಮೂತಿಯ ಕೆಟ್ಟ ಗುಣ ಬಿಸಿ. ಫುಲ್ ಲೋಡಿನಲ್ಲಿ ಟರ್ಬೊದಿಂದ ಹೊರಬರುವ ಗಾಳಿಯೇ 100 ಡಿಗ್ರಿ ದಾಟುತ್ತದೆ. ಪಕ್ಕದಲ್ಲಿ ಕೆಂಪಗೆ ಕಾದ ಟರ್ಬೈನ್ ಬೇರೆ. ಅಗ್ಗದ ರಬ್ಬರ್ ಹಾಕಿದರೆ ಒಂದೇ ಬೇಸಿಗೆಯಲ್ಲಿ ಕಡ್ಡಿಯಂತಾಗುತ್ತದೆ. ನೂಲು ಹೆಣೆದ ಒಳ್ಳೆಯ ಹೋಸು ಹಾಕಿ, ಎರಡೂ ತುದಿಗೆ ಕ್ಲಿಪ್ ಹಾಕಿ. ಎಂಜಿನ್ನಿಗೆ 0.1 ಬಾರ್ ಕಡಿಮೆ ಸಿಗುತ್ತದೆ ಅನ್ನುವುದು ಎರಡನೇ ದೂರು. ಕಂಪನಿಯವರು ಅದನ್ನು ಲೆಕ್ಕ ಹಾಕಿಯೇ ಸ್ಪ್ರಿಂಗು ಆರಿಸಿರುತ್ತಾರೆ, ಬಿಡಿ.

ಇಂಟರ್‌ಕೂಲರ್ ಆಚೆ

ಇದು ನಡುದಾರಿ. ಇಂಟರ್‌ಕೂಲರ್ ದಾಟಿ, ಪೆಡಲ್ ಒತ್ತಿದಂತೆ ತೆರೆಯುವ ಗಾಳಿಯ ತಟ್ಟೆ, ಅಂದರೆ ಥ್ರಾಟಲ್, ಬರುವ ಮೊದಲು. ಗಾಳಿ ತಣ್ಣಗಿರುತ್ತದೆ, ಹೋಸು ಜಾಸ್ತಿ ದಿನ ಬಾಳುತ್ತದೆ. ಇಂಟರ್‌ಕೂಲರ್ ತಿಂದದ್ದನ್ನು ಕಳೆದ ಮೇಲಿನ ಒತ್ತಡ ಸಿಗುವುದರಿಂದ ಎಂಜಿನ್ನಿಗೆ ಸಿಗುವ ಬೂಸ್ಟ್ (ಟರ್ಬೊ ಒತ್ತಿ ಕೊಡುವ ಗಾಳಿಯ ಒತ್ತಡ) ಹೆಚ್ಚು ಕಡಿಮೆ ಸ್ಪ್ರಿಂಗಿನ ಲೆಕ್ಕಕ್ಕೇ ಬರುತ್ತದೆ. ಹೊರಗಿನಿಂದ ದೊಡ್ಡ ಇಂಟರ್‌ಕೂಲರ್ ಹಾಕಿಸಿ, ಡ್ಯಾಶ್‌ಬೋರ್ಡಿನಲ್ಲಿ ಬೂಸ್ಟ್ ಗೇಜ್ ಇಟ್ಟು, ದಿನಾ ಅದನ್ನೇ ನೋಡಿಕೊಂಡು ಓಡಿಸುವವರಿಗೆ ಇದು ಸರಿ. ಪೈಪು ಉದ್ದವಾದರೆ ಸುದ್ದಿ ಮುಟ್ಟುವುದು ಒಂದು ಕ್ಷಣ ತಡ. ಆಕ್ಸಿಲರೇಟರ್ ಒಮ್ಮೆಲೇ ತುಳಿದಾಗ ಬೂಸ್ಟ್ ಸ್ವಲ್ಪ ಮೇಲೆ ಹಾರಿ ಕೆಳಗೆ ಬರುತ್ತದೆ. ಸೋರಿಕೆಯ ವಿಷಯದಲ್ಲಿ ಮ್ಯಾನಿಫೋಲ್ಡಿನ ಗುಣವೇ ಇದಕ್ಕೂ ಇದೆ.

ಮ್ಯಾನಿಫೋಲ್ಡ್: ಪೆಟ್ರೋಲಿಗೆ ಬೇಡವೇ ಬೇಡ

"ಎಂಜಿನ್ನಿಗೆ ಎಷ್ಟು ಸಿಗುತ್ತದೋ ಅದನ್ನೇ ಅಳೆಯಬೇಕು, ಹಾಗಾಗಿ ಮ್ಯಾನಿಫೋಲ್ಡೇ ಸರಿ." ಕೇಳಲು ನ್ಯಾಯವಾಗಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ನ್ಯಾಯ ಥ್ರಾಟಲ್ ತಟ್ಟೆಯ ಹತ್ತಿರ ಬಿದ್ದು ಹೋಗುತ್ತದೆ.

ದುರ್ಗದಿಂದ ದಾವಣಗೆರೆಗೆ ಹೈವೇನಲ್ಲಿ 80ರ ವೇಗದಲ್ಲಿ ಹಾಯಾಗಿ ಬರುತ್ತಿದ್ದೀರಿ. ಕಾಲು ಸುಮ್ನೆ ಪೆಡಲ್ ಮೇಲಿದೆ. ಥ್ರಾಟಲ್ ತಟ್ಟೆ ಸ್ವಲ್ಪ ಮಾತ್ರ ತೆರೆದಿದೆ. ತಟ್ಟೆಯ ಆಚೆ, ಮ್ಯಾನಿಫೋಲ್ಡಿನಲ್ಲಿ, ಒತ್ತಡವೇ ಇಲ್ಲ. ಅಲ್ಲಿ ಎಂಜಿನ್ ಗಾಳಿಯನ್ನು ಹೀರುತ್ತಿದೆ, ಅಂದರೆ ವ್ಯಾಕ್ಯೂಮ್. ಡಬ್ಬಿಗೆ ಮುಟ್ಟುವ ಸುದ್ದಿ ಏನು? 'ಬೂಸ್ಟ್ ಇಲ್ಲ, ಬಾಗಿಲು ಮುಚ್ಚು.' ವ್ಯಾಕ್ಯೂಮ್ ಡಯಾಫ್ರಾಮನ್ನು ಇನ್ನೂ ಹಿಂದಕ್ಕೆ ಎಳೆದು ಫ್ಲಾಪನ್ನು ಬಿಗಿಯಾಗಿ ಒತ್ತುತ್ತದೆ. ಇತ್ತ ಹೊಗೆ ಎಲ್ಲವೂ ಟರ್ಬೈನ್ ಮೂಲಕವೇ ಹೋಗಬೇಕು. ಟರ್ಬೊ ತಿರುಗಿ ತಿರುಗಿ ಅರ್ಧ ಮುಚ್ಚಿದ ತಟ್ಟೆಗೆ ಗಾಳಿ ಒತ್ತುತ್ತಾ ಕೂರುತ್ತದೆ. ಮುಚ್ಚಿದ ಬಾಗಿಲಿಗೆ ಹೆಗಲು ಕೊಟ್ಟು ತಳ್ಳಿದ ಹಾಗೆ. ಗಾಳಿ ಸುಮ್ನೆ ಬಿಸಿಯಾಗುತ್ತದೆ. ಹೊಗೆಯ ಕಡೆ ಒತ್ತಡ ಕಟ್ಟಿಕೊಂಡು ಮೈಲೇಜ್ ಇಳಿಯುತ್ತದೆ.

ಈಗ ಜಯದೇವ ಸರ್ಕಲ್ ಟ್ರಾಫಿಕ್ಕಿಗೆ ಬನ್ನಿ. ಪೆಡಲ್ ಒಂಚೂರು ಒತ್ತಿದರೆ ತಟ್ಟೆಯ ಹಿಂದೆ ಕಾದು ಕೂತಿದ್ದ ಒತ್ತಡ ಒಮ್ಮೆಲೇ ಒಳಗೆ ನುಗ್ಗುತ್ತದೆ, ಗಾಡಿ ಜಿಗಿಯುತ್ತದೆ. ಕಾಲು ತೆಗೆದರೆ ಗಾಳಿಗೆ ಹೋಗಲು ದಾರಿ ಇಲ್ಲದೆ ಕಂಪ್ರೆಸರ್ ಚಕ್ರದ ಮೇಲೆ ಹಿಂದಕ್ಕೆ ಬಡಿಯುತ್ತದೆ. ಆ ಪಟಪಟ ಸದ್ದು ಕೆಲವು ಹುಡುಗರಿಗೆ ಸಂಗೀತ. ಬೇರಿಂಗಿಗೆ ಪೆಟ್ಟು.

ಮ್ಯಾನಿಫೋಲ್ಡ್ ಪರವಾಗಿ ಒಂದು ಮಾತು ಹೇಳಲೇಬೇಕು. ಟರ್ಬೊ ಮೈಗೆ ಪೈಪು ಇದ್ದಾಗ ಅಲ್ಲಿನ ಒತ್ತಡ ಬೇಗ ಏರುವುದರಿಂದ ಫ್ಲಾಪ್ ಸ್ವಲ್ಪ ಮೊದಲೇ ಸಂದು ಬಿಡಲು ಶುರು ಮಾಡುತ್ತದೆ. ಮ್ಯಾನಿಫೋಲ್ಡಿಗೆ ಇದ್ದರೆ ಕೊನೆಯ ತನಕ ಮುಚ್ಚಿರುತ್ತದೆ, ಪಿಕಪ್ ಚುರುಕು ಅನ್ನಿಸುತ್ತದೆ. ರೇಸಿಗೆ ಓಡಿಸುವವರು ಈ ಲಾಭಕ್ಕೆ ಆ ಕಷ್ಟ ಒಪ್ಪಿಕೊಳ್ಳಬಹುದು. ಅವರ ಕಾಲು ಹೇಗೂ ಪೆಡಲ್ ಪೂರ್ತಿ ಒತ್ತೇ ಇರುತ್ತದೆ. ಮಗುವನ್ನು ಸ್ಕೂಲಿಗೆ ಬಿಟ್ಟು ಬರುವ ಕಾರಿಗೆ ಇದು ಯಾಕೆ?

ಇನ್ನೊಂದು ತಪ್ಪೂ ಇಲ್ಲೇ ಆಗುತ್ತದೆ. ಮ್ಯಾನಿಫೋಲ್ಡಿನಲ್ಲಿ ಬೇರೆ ಮೂತಿ ಸಿಗದೆ ಬ್ರೇಕ್ ಬೂಸ್ಟರಿನ ಪೈಪಿಗೋ ಸೆನ್ಸರಿನ ಪೈಪಿಗೋ ಟಿ ಜಾಯಿಂಟ್ ಹಾಕುತ್ತಾರೆ. ದಯವಿಟ್ಟು ಬೇಡ. ವೇಸ್ಟ್‌ಗೇಟಿನ ಪೈಪು ಒಂಟಿಯಾಗಿರಬೇಕು. ಬೂಸ್ಟ್ ಗೇಜಿಗೂ ಇದರಿಂದ ಟಿ ತೆಗೆಯಬೇಡಿ.

ಡೀಸೆಲ್ಲಿನಲ್ಲಿ ಮ್ಯಾನಿಫೋಲ್ಡ್

ಡೀಸೆಲ್ ಎಂಜಿನ್ನಿನಲ್ಲಿ ಪವರ್ ಹೆಚ್ಚು ಕಡಿಮೆ ಮಾಡುವುದು ಡೀಸೆಲ್ಲಿನಿಂದಲೇ, ಗಾಳಿಗೆ ಅಡ್ಡ ತಟ್ಟೆ ಇಟ್ಟು ಅಲ್ಲ. ಈಚಿನವಕ್ಕೆ ಇಜಿಆರ್ (ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಏರ್ಪಾಡು) ಕೆಲಸಕ್ಕೆಂದು ಒಂದು ಫ್ಲಾಪ್ ಇದ್ದರೂ ಅದು ಬಹುಪಾಲು ತೆರೆದೇ ಇರುತ್ತದೆ. ಹಾಗಾಗಿ ಪೆಟ್ರೋಲಿನ ಆ ಕಷ್ಟವೆಲ್ಲ ಇಲ್ಲಿ ಇಲ್ಲ. ಮತ್ತೆ ಯಾಕೆ ಬೇಡ ಅನ್ನುತ್ತೀನಿ? ಮಸಿ. ಇಜಿಆರ್ ಇರುವ ಡೀಸೆಲ್ಲಿನ ಮ್ಯಾನಿಫೋಲ್ಡ್ ಬಿಚ್ಚಿ ನೋಡಿದವರಿಗೆ ಗೊತ್ತು. ಮಸಿ, ಆಯಿಲ್ ಕಲಸಿ ಡಾಂಬರಿನ ಹಾಗೆ ಮೆತ್ತಿಕೊಂಡಿರುತ್ತದೆ. ಅಲ್ಲಿನ ಸಣ್ಣ ಮೂತಿ ಒಂದಲ್ಲ ಒಂದು ದಿನ ಕಟ್ಟಿಕೊಳ್ಳುತ್ತದೆ. ಕಟ್ಟಿದರೆ ಡಬ್ಬಿಗೆ ಸುದ್ದಿ ಹೋಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ, ಬೂಸ್ಟ್ ಮಿತಿ ಮೀರುತ್ತದೆ.

ಇದು ಬಹಳ ಜನ ಉಲ್ಟಾ ತಿಳಿದುಕೊಂಡಿರುವ ವಿಷಯ. ವೇಸ್ಟ್‌ಗೇಟಿನ ಈ ಸಣ್ಣ ಪೈಪು ಸೀಳಿದರೆ, ಕಳಚಿದರೆ, ಕಟ್ಟಿಕೊಂಡರೆ ಬೂಸ್ಟ್ ಕಡಿಮೆಯಾಗುವುದಿಲ್ಲ. ಜಾಸ್ತಿಯಾಗುತ್ತದೆ. ಕಿವಿ ಕೇಳದ ಕಾವಲುಗಾರ ಗೇಟ್ ತೆರೆಯುವುದಿಲ್ಲ, ಅಷ್ಟೇ. ಕಂಪ್ಯೂಟರ್ ಇರುವ ಗಾಡಿಯಾದರೆ ಸ್ಕ್ಯಾನರ್‌ನಲ್ಲಿ ಪಿ0234 ಅಂತ ಬರಬಹುದು, ಓವರ್‌ಬೂಸ್ಟ್ ಅಂತ ಅರ್ಥ. ಗಾಡಿ ತಾನೇ ಪವರ್ ಇಳಿಸಿಕೊಂಡು ತೆವಳುತ್ತದೆ. ಓನರ್ ಬಂದು "ಟರ್ಬೊ ವೀಕ್ ಆಗಿದೆ" ಅನ್ನುತ್ತಾರೆ. ಪಿ0299 ಬಂದರೆ ಮಾತ್ರ ಬೂಸ್ಟ್ ಕಡಿಮೆ. ಆಗ ದೊಡ್ಡ ಹೋಸುಗಳನ್ನು ನೋಡಿ.

ಲಾರಿಯವರಿಗೆ ಬೇರೆ ಮಾತು

ಹಳೆಯ ಲಾರಿ ಎಂಜಿನ್ನುಗಳಲ್ಲಿ ಇಂಥ ಎರಡು ಸಣ್ಣ ಪೈಪು ಇರುತ್ತವೆ. ಒಂದು ವೇಸ್ಟ್‌ಗೇಟಿಗೆ. ಇನ್ನೊಂದು ಡೀಸೆಲ್ ಪಂಪಿನ ತಲೆಯ ಮೇಲಿನ ಡಬ್ಬಿಗೆ. ಈ ಎರಡನೆಯದು ಮ್ಯಾನಿಫೋಲ್ಡಿನಿಂದಲೇ ಬರಬೇಕು. ಅದರ ಕೆಲಸ ಎಂಜಿನ್ನಿಗೆ ನಿಜವಾಗಿ ಎಷ್ಟು ಗಾಳಿ ಮುಟ್ಟಿದೆ ಎಂದು ನೋಡಿ ಅಷ್ಟಕ್ಕೇ ಡೀಸೆಲ್ ಬಿಡುವುದು. ಗಾಳಿ ಬರುವ ಮೊದಲೇ ಡೀಸೆಲ್ ಸುರಿದರೆ ಕಪ್ಪು ಹೊಗೆ ತಾನೇ?

ನಮ್ಮ ಮಾವನ ಲಾರಿಯಲ್ಲಿ 5.9 ಲೀಟರಿನ ಕಮ್ಮಿನ್ಸ್ 6ಬಿಟಿ ಇತ್ತು. ಟರ್ಬೊ ಒಂದು ಕಡೆ ಓವರ್‌ಹಾಲ್ ಮಾಡಿಸಿ ತಂದರು. ಕೂರಿಸಿದವರಿಗೆ ಟರ್ಬೊ ಮೈಮೇಲಿನ ಮೂತಿಯ ದಾರ ಸವೆದದ್ದು ಕಂಡಿತು. ಅದನ್ನು ಮುಚ್ಚಿ, ಮ್ಯಾನಿಫೋಲ್ಡಿನಿಂದ ಪಂಪಿಗೆ ಹೋಗುವ ಪೈಪಿಗೇ ಪ್ಲಾಸ್ಟಿಕ್ ಟಿ ಹಾಕಿ ಎರಡನ್ನೂ ಸೇರಿಸಿಬಿಟ್ಟರು. ಎರಡು ತಿಂಗಳು ಚೆನ್ನಾಗೇ ಓಡಿತು. ಜಗಳೂರಿನಿಂದ ಮೆಕ್ಕೆಜೋಳ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ ಬರುವಾಗ ಲಾರಿ ಏರು ಹತ್ತಲೇ ಇಲ್ಲ. ಹೊಗೆ ಇಲ್ಲ, ಸದ್ದು ಇಲ್ಲ, ಎಳೆತವೂ ಇಲ್ಲ. ಟರ್ಬೊ ಎರಡು ಸಲ ಇಳಿಸಿದರು. ಚಕ್ರ ಸರಿ ಇತ್ತು, ಶಾಫ್ಟು ಸರಿ ಇತ್ತು.

ಕೊನೆಗೆ ಹರಿಹರದ ವಯಸ್ಸಾದ ಮೇಸ್ತ್ರಿಯೊಬ್ಬರು ಆ ಪೈಪು ಕಳಚಿ ಬಾಯಿಂದ ಊದಿದರು. ಉಳಿದ ತುದಿಗಳನ್ನು ನಾನು ಬೆರಳಿನಿಂದ ಮುಚ್ಚಿದ್ದೆ. ಟಿ ಹತ್ತಿರ ಕೂದಲೆಳೆಯಷ್ಟು ಬಿರುಕು. ಅಲ್ಲಿ ಸೋರಿದ್ದಕ್ಕೆ ಪಂಪಿನ ಡಬ್ಬಿ 'ಗಾಳಿ ಬಂದಿಲ್ಲ' ಎಂದು ತಿಳಿದು ಡೀಸೆಲ್ ಹಿಡಿದಿಟ್ಟಿತ್ತು. ಡೀಸೆಲ್ ಇಲ್ಲದೆ ಹೊಗೆಗೆ ಬಲ ಇಲ್ಲ. ಬಲ ಇಲ್ಲದೆ ಟರ್ಬೊ ಏಳುವುದೇ ಇಲ್ಲ. ವೇಸ್ಟ್‌ಗೇಟ್ ತೆರೆದಿದ್ದರೇನು, ಮುಚ್ಚಿದ್ದರೇನು! ಲೇತ್ ಅಂಗಡಿಯಲ್ಲಿ ಹೌಸಿಂಗಿಗೆ ಹೊಸ ದಾರ ಹೊಡೆಸಿ ಹಿತ್ತಾಳೆ ಮೂತಿ ಹಾಕಿಸಿದೆವು. ವೇಸ್ಟ್‌ಗೇಟ್ ಟರ್ಬೊಕ್ಕೆ, ಪಂಪು ಮ್ಯಾನಿಫೋಲ್ಡಿಗೆ. ಟಿ ಕಸದ ಬುಟ್ಟಿಗೆ.

ಪೈಪು ನೋಡಿದಾಕ್ಷಣ ಮೋಸ ಹೋಗಬೇಡಿ

ಡಬ್ಬಿ, ರಾಡು, ಪೈಪು ಕಂಡ ಮಾತ್ರಕ್ಕೆ ಅದು ವೇಸ್ಟ್‌ಗೇಟ್ ಆಗಿರಬೇಕಿಲ್ಲ. ಮೊದಲಿನ ಎಂಹಾಕ್ ಎಂಜಿನ್ನಿನ ಸ್ಕಾರ್ಪಿಯೊ ತರಹದ ವಿಜಿಟಿ (ಟರ್ಬೈನ್ ಸುತ್ತಲಿನ ರೆಕ್ಕೆಗಳನ್ನೇ ತಿರುಗಿಸಿ ಬೂಸ್ಟ್ ಹಿಡಿತದಲ್ಲಿಡುವ ಟರ್ಬೊ) ಗಾಡಿಗಳಲ್ಲಿ ಆ ಡಬ್ಬಿಗೆ ಬರುವುದು ವ್ಯಾಕ್ಯೂಮ್. ಅದಕ್ಕೆ ಬೂಸ್ಟ್ ಪೈಪು ಚುಚ್ಚಿದರೆ ಟರ್ಬೊ ಕೆಲಸವೇ ಮಾಡುವುದಿಲ್ಲ. ಮಾರುತಿ 2020ರಲ್ಲಿ ನಿಲ್ಲಿಸಿದ 1.3 ಡೀಸೆಲ್ಲಿನಲ್ಲೇ ಎರಡೂ ಇದ್ದವು. 75 ಪಿಎಸ್ ಸ್ವಿಫ್ಟ್‌ಗೆ ವೇಸ್ಟ್‌ಗೇಟ್, 90 ಪಿಎಸ್ ಎರ್ಟಿಗಾಗೆ ವಿಜಿಟಿ. ಈಚಿನ ಹಲವು ಕಾರುಗಳಲ್ಲಿ ಎಲೆಕ್ಟ್ರಿಕ್ ಮೋಟರೇ ಫ್ಲಾಪ್ ತಿರುಗಿಸುತ್ತದೆ, ಪೈಪಿನ ಚರ್ಚೆಯೇ ಇಲ್ಲ. ಕೆಲವು ಟ್ರ್ಯಾಕ್ಟರ್ ಟರ್ಬೊಗಳಿಗೆ ವೇಸ್ಟ್‌ಗೇಟೇ ಇರುವುದಿಲ್ಲ.

ನಡುವೆ ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇರುವ ಗಾಡಿಗಳಲ್ಲಿ ಮೂರು ಪೈಪು ಇರುತ್ತವೆ. ಒಂದು ಟರ್ಬೊದಿಂದ ಬರುವುದು, ಒಂದು ಡಬ್ಬಿಗೆ ಹೋಗುವುದು, ಇನ್ನೊಂದು ಏರ್ ಫಿಲ್ಟರ್ ಕಡೆ ಗಾಳಿ ಬಿಡುವುದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ಅದಲು ಬದಲಾದರೆ ಇಡೀ ದಿನ ಹೋಗುತ್ತದೆ. ಕೆಲವು ಪೈಪಿನೊಳಗೆ ಸೂಜಿ ತೂತಿನ ಸಣ್ಣ ಹಿತ್ತಾಳೆ ತುಂಡು ಇರುತ್ತದೆ. ಕಸ ಅಂತ ಎಸೆಯಬೇಡಿ. ಅದಿಲ್ಲದಿದ್ದರೆ ಸೊಲೆನಾಯ್ಡ್ ಎಷ್ಟು ಗಾಳಿ ಬಿಟ್ಟರೂ ಡಬ್ಬಿಯ ಒತ್ತಡ ಇಳಿಯುವುದಿಲ್ಲ, ಬೂಸ್ಟ್ ಏರುವುದಿಲ್ಲ.

ಹೊರಗೆ ಬೇರೆಯಾಗಿ ಕೂರಿಸುವ ದೊಡ್ಡ ವೇಸ್ಟ್‌ಗೇಟಿಗೆ ಎರಡು ಮೂತಿ. ಪಕ್ಕದ್ದಕ್ಕೆ ಬಂದ ಒತ್ತಡ ಬಾಗಿಲು ತೆರೆಯುತ್ತದೆ, ಮೇಲಿನದಕ್ಕೆ ಬಂದದ್ದು ಸ್ಪ್ರಿಂಗಿನ ಜೊತೆ ಸೇರಿ ಮುಚ್ಚುತ್ತದೆ. ಎರಡಕ್ಕೂ ಒಂದೇ ಪೈಪಿನಿಂದ ಕೊಟ್ಟರೆ ಬಾಗಿಲು ತೆರೆಯುವ ಮಾತೇ ಇಲ್ಲ. ಸೊಲೆನಾಯ್ಡ್ ಇಲ್ಲದಿದ್ದರೆ ಮೇಲಿನದನ್ನು ಹೊರಗಾಳಿಗೆ ತೆರೆದು ಬಿಡಿ.

ಕೂರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಡಬ್ಬಿಯ ಕಡೆಯ ಪೈಪಿಗೆ ಗೇಜ್ ಇರುವ ಸೈಕಲ್ ಪಂಪು ಸಿಕ್ಕಿಸಿ, ನಿಧಾನಕ್ಕೆ ಒತ್ತಿ. ನಿಮ್ಮ ಸ್ಪ್ರಿಂಗಿನ ಲೆಕ್ಕಕ್ಕೆ ಬಂದಾಗ ರಾಡು ಅಲುಗಬೇಕು. ಪಂಪು ನಿಲ್ಲಿಸಿದರೆ ಮುಳ್ಳು ಅಲ್ಲೇ ನಿಲ್ಲಬೇಕು, ಇಳಿದರೆ ಡಯಾಫ್ರಾಮೋ ಪೈಪೋ ಸೋರುತ್ತಿದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗನ್ ಹಿಡಿದು ಮಾತ್ರ ಇದನ್ನು ಮಾಡಬೇಡಿ. 100 ಪಿಎಸ್‌ಐ ಮೇಲಿನ ಆ ಗಾಳಿಗೆ ಡಯಾಫ್ರಾಮ್ ಹರಿದು, ಹೊಸ ಡಬ್ಬಿ ತರಿಸಲು ಮತ್ತೆ ಒಂದು ವಾರ ಗಾಡಿ ನಿಲ್ಲುತ್ತದೆ.